ನಮ್ಮ ಮನೆ ಗೋಧಿ ಬಿಟ್ಟ ವರ್ಷ

ಮೊನ್ನೆ ಸಂಜೆ ಬೆಳಗಾವಿಯ ಸದಾಶಿವನಗರದ ನಮ್ಮ ಓಣಿಯಲ್ಲಿ ನಡೆದು ಬರುತ್ತಿದ್ದಾಗ ಯಾರದೋ ಮನೆಯ ಕಿಟಕಿಯಿಂದ ಚಪಾತಿ ಬೇಯುವ ವಾಸನೆ ಬಂತು. ಹಂಚು ಚೆನ್ನಾಗಿ ಕಾದ ಮೇಲೆ ಅಂಚಿಗೆ ಎಣ್ಣೆ ಬಿಟ್ಟಾಗ ಏಳುತ್ತದಲ್ಲ, ಅದೇ ವಾಸನೆ. ಕೈಚೀಲ ಹಿಡಿದುಕೊಂಡು ಅಲ್ಲಿಯೇ ನಿಂತೆ. ನಮ್ಮ ಮನೆಯಲ್ಲಿ ಆ ವಾಸನೆ ಏಳದೆ ಆರು ವರ್ಷಗಳಾದವು. ನಾನು ನಿಂತದ್ದನ್ನು ಕಂಡು ಆ ಮನೆಯಾಕೆ ಹೊರಗೆ ಬಂದು ಏನು ಬೇಕಿತ್ತೆಂದು ಕೇಳಿದಳು. ಏನಿಲ್ಲವೆಂದು ಹೇಳಿ, ಸ್ವಲ್ಪ ನಾಚಿಕೆಪಟ್ಟುಕೊಂಡೇ ಮುಂದೆ ಬಂದೆ. ಮನೆ ಮುಟ್ಟುವವರೆಗೂ ಸೊಸೆ ಬಂದ ಮೊದಲ ವರ್ಷದ್ದೇ ನೆನಪು. ಅದರಲ್ಲೂ ಆ ಮಳೆಗಾಲದ್ದು.

ನಾನು ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗೃಹವಿಜ್ಞಾನ ಕಲಿಸಿದವಳು. ಗೋಡೆಗೆ ಆಹಾರದ ಚಾರ್ಟು ತೂಗುಹಾಕಿ, ಕೋಲಿನಿಂದ ಗೋಧಿಯ ತೆನೆ ತೋರಿಸಿ, ಬೆಳೆಯುವ ಮಕ್ಕಳಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲವೆಂದು ಎಷ್ಟು ಹುಡುಗಿಯರಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ನನ್ನ ಚಪಾತಿಗೂ ನಮ್ಮ ಬಳಗದಲ್ಲಿ ಹೆಸರಿತ್ತು. ಕಣಕವನ್ನು ಒಂದು ತಾಸು ನೆನೆಸಿ, ನಾದಿ, ಪದರು ಮಡಚಿ ಲಟ್ಟಿಸಿದರೆ ಮರುದಿನವೂ ಹತ್ತಿಯಂತೆ ಇರುತ್ತಿದ್ದವು. ಯಜಮಾನರು ಇರುವಷ್ಟು ದಿನ ಪರವೂರಿಗೆ ಹೋದಾಗಲೂ ನನ್ನ ಚಪಾತಿಯನ್ನೇ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ಮಗ ಮಹಾಂತೇಶ. ಅವನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್. ಇಡೀ ದಿನ ಕಾದ ಕಬ್ಬಿಣದ ಮುಂದೆ ನಿಂತು ಬರುವವನಿಗೆ ಗಟ್ಟಿ ಊಟ ಬೇಕೆಂದು ಎರಡೂ ಹೊತ್ತು ಚಪಾತಿಯೇ ಮಾಡುತ್ತಿದ್ದೆ.

ವೈಶಾಲಿ ಖಾನಾಪುರದ ಹುಡುಗಿ. ಅವಳು ಸಣ್ಣವಳಿದ್ದಾಗಲೇ ತಂದೆ ಹೋಗಿದ್ದರು. ತಾಯಿ ಶಾಂತಾಬಾಯಿ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿಕೊಂಡು ಮಗಳನ್ನು ಬಿ.ಎ. ಓದಿಸಿದ್ದರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ; ನಮ್ಮವರೇ, ಲಿಂಗಾಯತರು. ಶಿವರಾತ್ರಿಗೆ ಮೊದಲು ಮದುವೆಯಾಯಿತು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು, ನಕ್ಕರೆ ಕಣ್ಣು ಮುಚ್ಚಿಹೋಗುವಷ್ಟು ನಗುತ್ತಿದ್ದಳು. ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಊಟಕ್ಕೆ ಕುಳಿತಾಗ ತನಗೆ ಚಪಾತಿ ಕಡಿಮೆ ಹಾಕಿ ಅನ್ನ ಒಂದಿಷ್ಟು ಜಾಸ್ತಿ ಹಾಕಬಹುದೇ ಎಂದು ಕೇಳಿದಳು. ಅವಳ ತವರಿನಲ್ಲಿ ಬೆಳಿಗ್ಗೆ ಭಾಕ್ರಿ ಎನ್ನುವ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ. ಗೋಧಿ ಏನಿದ್ದರೂ ಹಬ್ಬಕ್ಕೆ. ಅನ್ನ ಉಂಡರೆ ಮೈಗೆ ಏನು ಹತ್ತುತ್ತದೆ ಎಂದು ನಾನು ನಕ್ಕು, ತುಪ್ಪ ಸವರಿದ ಇನ್ನೊಂದು ಚಪಾತಿಯನ್ನು ಅವಳ ತಾಟಿಗೆ ಹಾಕಿದೆ. ಅವಳು ಸುಮ್ಮನೆ ಉಂಡಳು. ಆ ತಾಟು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಯುಗಾದಿ ಹೊತ್ತಿಗೆ ಅವಳು ಇಳಿಯತೊಡಗಿದಳು. ಮದುವೆಯ ಕುಪ್ಪಸಗಳಿಗೆ ಎರಡು ಸಲ ಒಳಹೊಲಿಗೆ ಹಾಕಿಸಿಕೊಂಡಳು. ಬಾಚಣಿಗೆಯ ತುಂಬ ಕೂದಲು, ಬಾಯಲ್ಲಿ ಹುಣ್ಣು. ದಿನಕ್ಕೆ ಮೂರು ನಾಲ್ಕು ಸಲ ಬಚ್ಚಲಿಗೆ ಹೋಗುತ್ತಿದ್ದಳು. ಹೊರಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟಿರುತ್ತಿದ್ದಳು. ನೀರು ಪೋಲು ಮಾಡುತ್ತಾಳೆ ಎಂದುಕೊಂಡಿದ್ದೆ ನಾನು. ಮೊದಲು ಒಳ್ಳೆಯ ಸುದ್ದಿಯೇನೋ ಎಂದು ಆಸೆಪಟ್ಟೆ. ಅದಲ್ಲವೆಂದು ಗೊತ್ತಾದ ಮೇಲೆ, ತಾಯಿಯನ್ನು ಬಿಟ್ಟು ಬಂದ ಸಂಕಟವಿರಬೇಕು ಎಂದುಕೊಂಡೆ. ನಮ್ಮ ಕುಟುಂಬದ ಡಾಕ್ಟರು ರಕ್ತ ಕಡಿಮೆ ಇದೆಯೆಂದು ಗುಳಿಗೆ ಬರೆದುಕೊಟ್ಟರು. ಗುಳಿಗೆ ತೀರಿದವು, ರಕ್ತ ಏರಲಿಲ್ಲ. ನಾನು ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಹೂಡಿದೆ. ಬೆಳಿಗ್ಗೆ ರವೆ ಉಪ್ಪಿಟ್ಟು, ಮಧ್ಯಾಹ್ನ ಚಪಾತಿ, ಸಂಜೆ ಹಾಲಿಗೆ ಶಕ್ತಿಯ ಪುಡಿ. ಆ ಪುಡಿಯೂ ಬಾರ್ಲಿ, ಗೋಧಿಯದ್ದೇ. ಅವಳನ್ನು ಗಟ್ಟಿ ಮಾಡಬೇಕೆಂದು ನಾನು ಕೊಟ್ಟದ್ದೆಲ್ಲ ಅವಳನ್ನು ಕರಗಿಸುತ್ತಿತ್ತು.

ಜೂನಿನಲ್ಲಿ ಮಿರಗದ ಮಳೆ ಶುರುವಾದ ದಿನ ಅವಳು ಮಾಳಿಗೆಯ ಮೇಲಿನ ಬಟ್ಟೆ ತರಲು ಓಡಿದಳು. ಇಳಿಯುವಾಗ ಕಣ್ಣಿಗೆ ಕತ್ತಲೆ ಬಂದು ನಾಲ್ಕು ಮೆಟ್ಟಿಲು ಜಾರಿ ಬಿದ್ದಳು. ಒದ್ದೆ ಬಟ್ಟೆಗಳ ನಡುವೆ ಬಿದ್ದಿದ್ದ ಅವಳನ್ನು ಎಬ್ಬಿಸಲು ಹೋದರೆ, ಅರವತ್ತು ದಾಟಿದ ನಾನೊಬ್ಬಳೇ ಎತ್ತುವಷ್ಟು ಹಗುರಾಗಿದ್ದಳು. ಆಗ ನನಗೆ ಖರೇ ಹೆದರಿಕೆಯಾಯಿತು.

ಆಸ್ಪತ್ರೆಯಲ್ಲಿ ಈ ಸಲ ನೋಡಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅವರು ಹೊಟ್ಟೆ ಮುಟ್ಟಿ ನೋಡಿ, ತವರುಮನೆಯಲ್ಲಿ ಏನು ಉಣ್ಣುತ್ತಿದ್ದೆ, ಇಲ್ಲಿ ಏನು ಉಣ್ಣುತ್ತೀ ಎಂದು ವೈಶಾಲಿಯನ್ನು ಕೇಳಿದರು. ಉತ್ತರ ಹೇಳುವ ಮೊದಲು ಅವಳು ನನ್ನ ಮುಖ ನೋಡಿದಳು. ಡಾಕ್ಟರಮ್ಮ ಅದನ್ನು ಗಮನಿಸಿ ನನ್ನನ್ನು ಸ್ವಲ್ಪ ಹೊತ್ತು ಹೊರಗೆ ಕೂಡ್ರಲು ಹೇಳಿದರು. ಆಮೇಲೆ ರಕ್ತದ ಪರೀಕ್ಷೆಯಾಯಿತು. ವಾರ ಬಿಟ್ಟು ಬಾಯಿಯಿಂದ ನಳಿಗೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದರು. ಕಾಯಿಲೆಯ ಹೆಸರು ಸೀಲಿಯಾಕ್ ಎಂದರು. ಕಣಕಕ್ಕೆ ಜಿಗುಟು ಕೊಡುವ ಗ್ಲುಟೆನ್ ಎಂಬ ಅಂಶ ಗೋಧಿಯಲ್ಲಿದೆ, ಬಾರ್ಲಿಯಲ್ಲೂ ಅಂಥದ್ದಿದೆ. ಅದು ಹೊಟ್ಟೆಗೆ ಹೋದರೆ ಇವಳ ಮೈ ತನ್ನ ಕರುಳಿನ ಮೇಲೆ ತಾನೇ ಯುದ್ಧಕ್ಕೆ ನಿಲ್ಲುತ್ತದೆ. ಕರುಳಿನ ಒಳಗೋಡೆ ಸವೆದು ಉಂಡದ್ದು ಮೈಗೆ ಸೇರುವುದಿಲ್ಲ ಎಂದು ಬಿಡಿಸಿ ಹೇಳಿದರು. ಮೊದಲಿನಿಂದಲೂ ಇದ್ದಿರಬಹುದು, ಖಾನಾಪುರದಲ್ಲಿ ಗೋಧಿ ಅಪರೂಪವಾಗಿದ್ದರಿಂದ ಇಷ್ಟು ಜೋರಾಗಿ ಕಾಣಿಸಿರಲಿಕ್ಕಿಲ್ಲ ಎಂದರು. ಇದಕ್ಕೆ ಊಟ ಬದಲಿಸುವುದೇ ಔಷಧ. ರಕ್ತ ತುಂಬಿಕೊಳ್ಳುವವರೆಗೆ ಗುಳಿಗೆ, ಅಷ್ಟೇ.

ನಾನು ಕೇಳಿದೆ, ಹಬ್ಬ ಹುಣ್ಣಿಮೆಗೆ ಒಂದಿಷ್ಟು ತಿಂದರೆ ನಡೆಯುತ್ತದೆಯೇ ಎಂದು.

"ಒಂದ ಚಿಟಿಕಿನೂ ಬ್ಯಾಡ್ರಿ ಅಮ್ಮಾರ," ಎಂದರು ಡಾಕ್ಟರಮ್ಮ. "ನಾಕ ದಿನದ ಪಥ್ಯ ಅಲ್ಲ ಇದು. ಜೀವ ಇರೂತನಕ."

ಮನೆಗೆ ಬಂದ ಮೇಲೆ ವೈಶಾಲಿ ತನ್ನ ದುಂಡು ಅಕ್ಷರದಲ್ಲಿ ಒಂದು ಪಟ್ಟಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಗೋಧಿ, ರವೆ, ಮೈದಾ, ಶ್ಯಾವಿಗೆ, ಬ್ರೆಡ್ಡು, ಬಿಸ್ಕೀಟು, ಶಕ್ತಿಯ ಪುಡಿ. ಡಬ್ಬಿಯ ಇಂಗಿಗೂ ಗೋಧಿ ಹಿಟ್ಟು ಬೆರೆಸಿರುತ್ತಾರೆಂದು ಅವಳು ಮೊಬೈಲಿನಲ್ಲಿ ಓದಿ ಹೇಳಿದಾಗ, ಮೂವತ್ತೊಂದು ವರ್ಷ ಕಲಿಸಿದ ನನಗೇ ಅದು ಗೊತ್ತಿರಲಿಲ್ಲ. ಅವಳಿಗೆ ಬೇರೆ ಹಂಚು, ಬೇರೆ ಸೌಟು ಬಂತು. ನಮಗೆ ಚಪಾತಿ, ಅವಳಿಗೆ ಜೋಳದ ರೊಟ್ಟಿ ಮತ್ತು ಅನ್ನ. ಆಷಾಢ ಮುಗಿಯುವಷ್ಟರಲ್ಲಿ ಅವಳ ಮುಖಕ್ಕೆ ಸ್ವಲ್ಪ ಕಳೆ ಬಂತು. ಬಚ್ಚಲಿನ ನಲ್ಲಿ ಆಗೊಮ್ಮೆ ಈಗೊಮ್ಮೆ ಬಿಟ್ಟರೆ ಸುಮ್ಮನಾಯಿತು.

ನನಗೆ ಸಂತೋಷವಾಗಲಿಲ್ಲವೆಂದಲ್ಲ. ಆದರೆ ಒಳಗೊಬ್ಬ ಟೀಚರು ಕುಳಿತಿದ್ದಳು, ಅವಳು ಒಪ್ಪಲಿಲ್ಲ. ನೋಡಲು ಬಂದ ಬಳಗದವರೂ ಆ ಟೀಚರಿಗೇ ಗಾಳಿ ಹಾಕಿದರು. ಗೋಧಿ ತಿಂದು ಯಾರಿಗಾದರೂ ರೋಗ ಬರುತ್ತದೆಯೇ ಎಂದು ಒಬ್ಬರು, ಈಗಿನ ಡಾಕ್ಟರರು ಹೊಸ ಹೊಸ ಹೆಸರು ಹುಡುಕುತ್ತಾರೆ ಎಂದು ಇನ್ನೊಬ್ಬರು. ಚಪಾತಿ ಲಟ್ಟಿಸುವ ಬೇಸರಕ್ಕೆ ಹೂಡಿದ ಆಟ ಎಂದೂ ಒಬ್ಬಾಕೆ ಅಂದಳು. ನಾನು ಹಾಗೆ ಅನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ. ಜೀವಮಾನವಿಡೀ ಈ ಹುಡುಗಿ ಮದುವೆ, ಮುಂಜಿ, ಮಠ ಎಲ್ಲಿಯೂ ನಾಲ್ಕು ಜನರ ಜೊತೆ ಉಣ್ಣುವ ಹಾಗಿಲ್ಲವೇ ಎಂದು ಒಂದು ಕಡೆ ಮರುಕ. ಇಷ್ಟು ಸಣ್ಣ ಚಿಟಿಕೆ ಏನು ಮಾಡೀತು ಎಂದು ಇನ್ನೊಂದು ಕಡೆ ಹಟ. ಎರಡೂ ಕೂಡಿ ನನ್ನ ಕೈಯಿಂದ ಒಂದು ಕೆಲಸ ಮಾಡಿಸಿದವು.

ಶ್ರಾವಣದ ಎರಡನೆಯ ವಾರ ಅವಳ ಜೋಳದ ಹಿಟ್ಟಿನ ಡಬ್ಬಿಗೆ ಒಂದು ಹಿಡಿ ಗೋಧಿ ಹಿಟ್ಟು ಬೆರೆಸಿದೆ. ಅವಳಿಗೆ ಹೇಳಲಿಲ್ಲ. ಏನೂ ಆಗದಿದ್ದರೆ ಎಂಟು ದಿನ ಬಿಟ್ಟು ಹೇಳಿ, ಬಾಗಿಲ ಪಟ್ಟಿ ಕಿತ್ತುಹಾಕಿ, ಎಲ್ಲರಿಗೂ ಗೋಧಿ ಹುಗ್ಗಿ ಮಾಡಿ ಬಡಿಸಬೇಕೆಂದು ಮನಸ್ಸಿನಲ್ಲೇ ಮಂಡಿಗೆ ತಿಂದೆ. ಎರಡು ದಿನ ಏನೂ ಆದಂತೆ ಕಾಣಲಿಲ್ಲ. ನಾನು ಗೆದ್ದೆನೆಂದು ಅಂದುಕೊಂಡೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೂರನೆಯ ದಿನ ಬೆಳಿಗ್ಗೆ ಬಚ್ಚಲಿನ ನಲ್ಲಿ ಮತ್ತೆ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು.

ಅದಕ್ಕಿಂತ ನೋಡಲಾಗದ್ದು ಮುಂದೆ ಕಂಡಿತು. ತಪ್ಪು ತನ್ನದೇ ಎಂದು ಅವಳು ಖಾತ್ರಿ ಮಾಡಿಕೊಂಡಿದ್ದಳು. ಎಲ್ಲಿ ಎಡವಿದೆನೋ ಎಂದು ಒಂದೊಂದೇ ಡಬ್ಬಿ ಇಳಿಸಿ, ಸಾರಿನ ಪುಡಿ ಮೂಸಿ, ಚಟ್ನಿಪುಡಿ ಚೆಲ್ಲಿ, ಹಂಚನ್ನು ಮೂರು ಸಲ ತಿಕ್ಕಿದಳು. ಸೌಟು, ಚಮಚ, ತಾಟುಗಳನ್ನೆಲ್ಲ ಬಿಸಿನೀರಿಗೆ ಹಾಕಿದಳು. ಜೋಳದ ಹಿಟ್ಟಿನ ಡಬ್ಬಿ ಒಂದನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ತುಂಬಿದವಳು ನಾನಲ್ಲವೇ.

ಆ ಇಡೀ ದಿನ ನನ್ನ ನಾಲಗೆ ಏಳಲಿಲ್ಲ. ಮರುದಿನ ಮಹಾಂತೇಶ ಕೆಲಸಕ್ಕೆ ಹೊರಡುವ ಮೊದಲು ಇಬ್ಬರನ್ನೂ ಕೂಡ್ರಿಸಿ ಹೇಳಿದೆ.  ವೈಶಾಲಿ ಅಳಲಿಲ್ಲ, ದನಿ ಏರಿಸಲಿಲ್ಲ.

"ನಾ ಸುಳ್ಳ ಹೇಳಾಕತ್ತೀನಿ ಅಂತ ಅನಿಸಿತ್ತೇನ್ರಿ ಅತ್ತಿ?" ಎಂದು ಕೇಳಿದಳು.

 ಕೆಲವು ದಿನ ತವರಿನಲ್ಲಿ ಆಯಿ ಹತ್ತಿರ ಇದ್ದು ಬರುತ್ತೇನೆ ಎಂದಳು. ಮಹಾಂತೇಶ ರಜೆ ಹಾಕಿ ಅವಳನ್ನು ಖಾನಾಪುರಕ್ಕೆ ಬಿಟ್ಟು ಸಂಜೆಗೆ ತಿರುಗಿ ಬಂದ. ನಾನು ತಾಟು ಹಾಕಿದೆ. ಅವನು ಉಂಡು ಕೈ ತೊಳೆದ ಮೇಲೆ ಒಂದೇ ಮಾತು ಹೇಳಿದ. "ಅವ್ವಾ, ನೀ ಗೋಧಿ ಹಾಕಿದ್ದಕ್ಕಿಂತ, ಅಕಿ ಮಾತ ನಂಬಲಿಲ್ಲಲ್ಲ, ಅದ ನನಗ ಭಾಳ ಕೆಟ್ಟ ಅನಿಸೈತಿ." ಆಮೇಲೆ ಅದನ್ನು ಎತ್ತಲಿಲ್ಲ. ಮಾಡಿದ್ದನ್ನು ಉಂಡ, ಕೆಲಸಕ್ಕೆ ಹೋದ. ಬೈದಿದ್ದರೆ ಹಗುರಾಗುತ್ತಿತ್ತು.

ಹದಿನೈದು ದಿನ ಕಳೆದವು. ವೈಶಾಲಿ ದಿನಾಲೂ ಗಂಡನಿಗೆ ಫೋನು ಮಾಡುತ್ತಿದ್ದಳು. ನನಗೆ ಕೊಟ್ಟಾಗ ಆರಾಮ ಇದ್ದೀರಾ ಎಂದು ಕೇಳಿ, ನಾನು ಹೂಂ ಎಂದ ಮೇಲೆ ಸುಮ್ಮನಾಗುತ್ತಿದ್ದಳು. ಯಾವಾಗ ಬರುತ್ತೀ ಎಂದು ಕೇಳಲು ನನಗೆ ಬಾಯಿಲ್ಲ. ಅವಳು ಹೇಳಲಿಲ್ಲ. ಗಣಪತಿ ಹಬ್ಬವೂ ಹಾಗೆಯೇ ಹೋಯಿತು. ಅದಾದ ನಾಲ್ಕನೆಯ ದಿನ ಬೆಳಿಗ್ಗೆ ಕಣಕ ನಾದಲು ಕುಳಿತವಳಿಗೆ, ಬೆರಳಿಗೆ ಅಂಟಿ ಬರುವ ಆ ಹಿಟ್ಟನ್ನು ನೋಡಿ ಕೈಯೇ ಓಡಲಿಲ್ಲ. ಅದನ್ನು ಹಾಗೆಯೇ ಮುಚ್ಚಿಟ್ಟು, ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದೆ.

ಮಳೆ ಹಿಡಿದಿತ್ತು. ದೇಸೂರು ದಾಟಿದ ಮೇಲೆ ಎರಡೂ ಬದಿ ಭತ್ತದ ಗದ್ದೆಗಳು ಶುರುವಾದವು. ಮದುವೆ ಮಾತುಕತೆಯ ಸಮಯದಲ್ಲೂ ಅದೇ ರಸ್ತೆಯಲ್ಲಿ ಹೋಗಿದ್ದೆ, ಆಗ ನೋಡಿರಲಿಲ್ಲ. ಈ ಸಲ ಕಿಟಕಿಗೆ ಮುಖ ಹಚ್ಚಿ ನೋಡಿದೆ. ಇಷ್ಟು ಅಕ್ಕಿಯ ನಡುವೆ ಬೆಳೆದ ಹುಡುಗಿ ಒಂದು ಸೌಟು ಅನ್ನ ಜಾಸ್ತಿ ಕೇಳಿದ್ದಕ್ಕೆ ನಾನು ನಕ್ಕಿದ್ದೆನಲ್ಲ ಎಂದು ಅನಿಸಿತು.

ಶಾಂತಾಬಾಯಿಯ ಮನೆ ಸ್ಟೇಷನ್ ಹತ್ತಿರದ ಓಣಿಯಲ್ಲಿ, ಹಂಚಿನ ಎರಡು ಖೋಲಿ. ಅದು ರವಿವಾರ, ಶಾಲೆ ಇರಲಿಲ್ಲ. ಆಕೆ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದರು. "ಬರ್ರಿ ಅಕ್ಕಾರ, ಕಾಲ ತೊಳಕೊಂಡ ಒಳಗ ಕುಂದರ್ರಿ," ಎಂದರು, ದಿನಾ ಬರುವವಳನ್ನು ಕರೆದಂತೆ. ವೈಶಾಲಿ ಗೆಳತಿಯ ಮನೆಗೆ ಹೋಗಿದ್ದಳು. ಚಹಾ ಕುಡಿಯುವ ಧೈರ್ಯವಾಗಲಿಲ್ಲ. ಮಗಳು ಎಲ್ಲವನ್ನೂ ಹೇಳಿರುತ್ತಾಳೆ ಎಂದುಕೊಂಡು, ನಾನು ಮಾಡಿದ್ದು ತಪ್ಪು, ಆ ಗೋಧಿ ಹಿಟ್ಟು ಹಾಕಬಾರದಿತ್ತು ಎಂದು ಶುರುಮಾಡಿದೆ. ಶಾಂತಾಬಾಯಿಯ ಕೈ ನಿಂತಿತು. ಯಾವ ಹಿಟ್ಟು ಎಂದು ಕೇಳಿದರು.

ಆಗ ಗೊತ್ತಾಯಿತು, ವೈಶಾಲಿ ತಾಯಿಗೆ ಕಾಯಿಲೆಯ ವಿಷಯ ಬಿಟ್ಟು ಏನನ್ನೂ ಹೇಳಿರಲಿಲ್ಲ. ಮಳೆಗೆ ದಣಿವಾಗಿದೆ, ಡಾಕ್ಟರು ವಿಶ್ರಾಂತಿ ಹೇಳಿದ್ದಾರೆ ಎಂದಷ್ಟೇ ಹೇಳಿ ಬಂದು ಮಲಗಿದ್ದಳು. ನನ್ನ ಮಾನ ಕಾದಿದ್ದಳು. ಶುರುಮಾಡಿದ ಮೇಲೆ ನಿಲ್ಲಿಸುವಂತಿರಲಿಲ್ಲ. ಡಬ್ಬಿಯ ಕಥೆ ಪೂರ್ತಿ ಹೇಳಿದೆ. ಶಾಂತಾಬಾಯಿ ಮೊರದ ಮೇಲೆ ಬಗ್ಗಿ ಅಕ್ಕಿಯಲ್ಲಿ ಬೆರಳಾಡಿಸುತ್ತ ಕೇಳಿದರು. ಎದ್ದು ಹೋಗು ಎನ್ನುತ್ತಾರೆಂದು ನಾನು ಚೀಲದ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದೆ.

"ಅಕ್ಕಾರ, ನಂದೂ ಒಂದ ಹೇಳತೀನಿ," ಎಂದರು ಕೊನೆಗೆ. "ಅಕಿ ಏಳೆಂಟ ವರ್ಷದಾಕಿ ಇದ್ದಾಗ, ಯಾರರ ಮನಿ ಕಾರ್ಯಕ್ಕ ಅಡಿಗಿ ಮಾಡಾಕ ಹೋದ್ರ ಚಪಾತಿ, ಹೋಳಿಗಿ ಕಟ್ಟಿ ಕೊಡತಿದ್ರು. ನಾ ಆಸೇಲೆ ತಂದ ಇಕ್ಕತಿದ್ದೆ. ಅಕಿ ಒಲ್ಲೆ, ಹೊಟ್ಟಿ ನೋಯತೈತಿ ಅಂತಿದ್ಲು. ಸಿಗಲಾರದ್ದು ಸಿಕ್ಕೈತಿ, ಹಟಾ ಮಾಡತೀ ಅಂತ ಒಂದ ಸಲ ಹೊಡದ ತಿನಿಸೀನಿ. ತಿಂದದ್ದೆಲ್ಲಾ ಅಂಗಳದಾಗ ವಾಂತಿ ಮಾಡಿದ್ಲು. ಆವತ್ತ ನಾನೂ ನಂಬಲಿಲ್ಲ ನೋಡ್ರಿ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.  ಚೀಲ ಬದಿಗಿಟ್ಟು ಮೊರದ ಇನ್ನೊಂದು ಬದಿಗೆ ಕುಳಿತು ನಾನೂ ಕಲ್ಲು ಆರಿಸತೊಡಗಿದೆ. ಇಬ್ಬರು ಬೀಗತಿಯರು ಹಾಗೆ ಕುಳಿತಿದ್ದಾಗ ವೈಶಾಲಿ ಬಂದಳು. ಬಾಗಿಲಲ್ಲಿ ನಿಂತು ತಾಯಿಯ ಮುಖ ನೋಡಿದಳು, ನನ್ನದು ನೋಡಿದಳು, ಎಲ್ಲ ತಿಳಿದಿರಬೇಕು. ಯಾವಾಗ ಬಂದಿರಿ ಎಂದು ಕೇಳಿ ಒಳಗೆ ಹೋದಳು. ನನ್ನ ಸೀರೆಯ ಅಂಚು ತೋಯ್ದಿತ್ತು, ಒಂದು ಟವೆಲು ತಂದು ಕೊಟ್ಟಳು.

ಒಂದು ದಿನಕ್ಕೆಂದು ಹೋದವಳು ಎಂಟು ದಿನ ಉಳಿದೆ. ಶಾಂತಾಬಾಯಿಯೇ ಉಳಿಸಿಕೊಂಡರು. ಕ್ಷಮೆ ಕೇಳಿ ಹೋದರೆ ಸೊಸೆಯ ಹೊಟ್ಟೆ ತುಂಬುವುದಿಲ್ಲ, ಭಾಕ್ರಿ ಕಲಿತು ಹೋಗಿರಿ ಎಂದರು. ಮರುದಿನ ಬೆಳಿಗ್ಗೆಯೇ ಪಾಠ ಶುರುವಾಯಿತು. ನೀರು ಕುದಿಸಿ ಉಪ್ಪು ಹಾಕುವುದು, ಅಕ್ಕಿ ಹಿಟ್ಟು ಸುರಿದು ಮುಚ್ಚುವುದು, ಕೈ ಸುಡುವಷ್ಟು ಬಿಸಿಯಿರುವಾಗಲೇ ನಾದುವುದು, ಆಮೇಲೆ ಅಂಗೈಯಿಂದ ಬಡಿಯುವುದು. ಗೋಧಿಗೆ ಒಗ್ಗಿದ ನನ್ನ ಕೈ ಎಳೆಯುತ್ತಿತ್ತು, ಅಕ್ಕಿಯ ಹಿಟ್ಟು ಹರಿಯುತ್ತಿತ್ತು. ಮೊದಲನೆಯದು ಎತ್ತುವಾಗಲೇ ಮೂರು ತುಂಡಾಯಿತು. ಎರಡನೆಯದು ಹಂಚಿನವರೆಗೆ ಹೋಗಿ ಮುರಿಯಿತು.

"ಗೋಧಿ ತನ್ನ ತಾನ ಹಿಡಕೋತೈತಿ ಅಕ್ಕಾರ, ಅಕ್ಕಿ ಹಂಗಲ್ಲ. ಕೈ ಬಿಡಬ್ಯಾಡ್ರಿ," ಎಂದರು ಶಾಂತಾಬಾಯಿ. ಆಕೆ ಶಾಲೆಯಲ್ಲಿ ಓದಿದ್ದು ಮೂರನೆಯ ಇಯತ್ತೆಯವರೆಗೆ. ನನ್ನ ಚಾರ್ಟುಗಳಲ್ಲಿ ಎಲ್ಲಿಯೂ ಇಲ್ಲದ ಪಾಠ ಅದು.

ನಡುವೆ ಒಂದು ದಿನ ಅಕ್ಕಿ ಬೀಸಿಸಲು ಶಾಂತಾಬಾಯಿಯ ಜೊತೆ ಗಿರಣಿಗೆ ಹೋಗಿದ್ದೆ. ಇಸ್ಮಾಯಿಲ್ ಚಾಚಾ ಎಂಬ ಮುದುಕರು ನಡೆಸುವ ಗಿರಣಿ ಅದು. ಅಕ್ಕಿಗೆ ಒಂದು ಯಂತ್ರ, ಗೋಧಿಗೆ ಇನ್ನೊಂದು, ನಡುವೆ ಗೋಡೆ. ಹೀಗೇಕೆ ಎಂದು ಕೇಳಿದೆ. ಎಷ್ಟು ಜಾಡಿಸಿದರೂ ಮೊದಲಿನ ಕಾಳಿನ ಹಿಟ್ಟು ಕಲ್ಲಿನಲ್ಲಿ ಉಳಿಯುತ್ತದೆ, ಇಲ್ಲಿನ ಜನಕ್ಕೆ ಅಕ್ಕಿ ಹಿಟ್ಟು ಬೆಳ್ಳಗೇ ಬೇಕು ಎಂದರು ಅವರು. ನಾನು ಗಿರಣಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಬೆಳಗಾವಿಯಲ್ಲಿ ನಾವು ಹೋಗುವ ಗಿರಣಿಯಲ್ಲಿ ಇರುವುದು ಒಂದೇ ಯಂತ್ರ. ಗೋಧಿ ಬೀಸಿದ ಬೆನ್ನಿಗೇ ವೈಶಾಲಿಯ ಜೋಳ ಬೀಸಿಸಿಕೊಂಡು ಬರುತ್ತಿದ್ದೆ. ಆಷಾಢದಲ್ಲೂ ಆಗೊಮ್ಮೆ ಈಗೊಮ್ಮೆ ನಲ್ಲಿ ಹರಿಯುತ್ತಿದ್ದುದು ಅದಕ್ಕೇ. ನಾನು ಕದ್ದು ಹಾಕುವ ಮೊದಲೇ ನಮ್ಮ ಕಣ್ಣುತಪ್ಪಿಸಿ ಗೋಧಿ ಅವಳ ಹೊಟ್ಟೆಗೆ ಹೋಗುತ್ತಿತ್ತು. ಚಾಚಾ ಎಲ್ಲವನ್ನೂ ಕೇಳಿಕೊಂಡು, ಮನೆಯಲ್ಲೇ ಒಂದು ಸಣ್ಣ ಗಿರಣಿ ಇಟ್ಟುಕೊಳ್ಳಿ, ಅದರ ಬಾಯಿಗೆ ಗೋಧಿ ತೋರಿಸಲೇಬೇಡಿ ಎಂದು ಸಲಹೆ ಕೊಟ್ಟರು.

ಆ ದಿನಗಳಲ್ಲಿ ವೈಶಾಲಿ ನನ್ನೊಂದಿಗೆ ಮಾತಾಡುತ್ತಿದ್ದಳು, ನಗುತ್ತಲೂ ಇದ್ದಳು. ಆದರೆ ಊಟಕ್ಕೆ ಕುಳಿತಾಗ ತಾಯಿ ಬಡಿದ ಭಾಕ್ರಿಯನ್ನೇ ತೆಗೆದುಕೊಳ್ಳುತ್ತಿದ್ದಳು. ನನ್ನವು ಬುಟ್ಟಿಯ ಇನ್ನೊಂದು ಬದಿಗೆ ಇರುತ್ತಿದ್ದವು. ಅವಳು ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಆ ಕಡೆ ಹೋಗುತ್ತಿತ್ತು. ಒಮ್ಮೆ ಮೋಸ ಹೋದ ಕೈ. ನಾನು ನೋಡಿಯೂ ನೋಡದಂತೆ ನನ್ನ ಮುರುಕು ಭಾಕ್ರಿಗಳನ್ನು ನಾನೇ ತಿಂದು ಮುಗಿಸುತ್ತಿದ್ದೆ.

ಆರನೆಯ ದಿನ ಶಾಲೆಗೆ ಮೇಲಿನವರು ಬರುತ್ತಾರೆಂದು ಶಾಂತಾಬಾಯಿ ಬೇಗ ಹೊರಟುಹೋದರು. ಅವತ್ತಿನ ಭಾಕ್ರಿಯೆಲ್ಲ ನನ್ನದೇ. ನಾಲ್ಕರಲ್ಲಿ ಮೂರು ದುಂಡಗೆ ಬಂದಿದ್ದವು, ಒಂದು ಉಬ್ಬಿಯೂ ಇತ್ತು. ವೈಶಾಲಿ ಬಂದು ತಾಟಿನ ಮುಂದೆ ಕುಳಿತಳು. ಬುಟ್ಟಿ ನೋಡಿದಳು. ನಾನು ಮೌಖಿಕ ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ನಿಂತಿದ್ದೆ. ಅವಳು ಕೇಳುವ ಮೊದಲೇ ಹಿಟ್ಟಿನ ಡಬ್ಬಿ ತಂದು ಮುಚ್ಚಳ ತೆಗೆದು ಅವಳ ಮುಂದಿಟ್ಟೆ. ಇದು ಚಾಚಾನ ಗಿರಣಿಯ ಅಕ್ಕಿ ಹಿಟ್ಟು, ನಿಮ್ಮ ಆಯಿ ತುಂಬಿದ್ದು. ನೀರು, ಉಪ್ಪು ಬಿಟ್ಟು ಬೇರೇನಿಲ್ಲ. ಹಂಚೂ ನಿಮ್ಮದೇ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಡಬ್ಬಿಯೊಳಗೆ ಇಣುಕಲಿಲ್ಲ. ಅದರ ಮುಚ್ಚಳ ಹಾಕಿ ಬದಿಗೆ ಸರಿಸಿದಳು. ಉಬ್ಬಿದ ಭಾಕ್ರಿಯನ್ನೇ ತೆಗೆದುಕೊಂಡು, ಮುರಿದು, ಪಲ್ಯಕ್ಕೆ ಹಚ್ಚಿ ತಿಂದಳು. ಪೂರ್ತಿ ತಿಂದಳು.

"ಉಪ್ಪ ಸ್ವಲ್ಪ ಕಮ್ಮಿ ಆಗೈತ್ರಿ ಅತ್ತಿ," ಎಂದಳು.

ನಾನು ಒಲೆಯ ಕಡೆ ತಿರುಗಿ ಇನ್ನೊಂದು ಬಡಿಯತೊಡಗಿದೆ. ಹಿಟ್ಟಿನ ಮೇಲೆ ಕಣ್ಣೀರು ಬಿದ್ದು ಉಪ್ಪು ಸರಿಯಾಗಿರಬೇಕು.

ಮುಂದಿನ ರವಿವಾರ ಮಹಾಂತೇಶ ಬಂದ, ಮೂವರೂ ಕೂಡಿ ಬೆಳಗಾವಿಗೆ ಬಂದೆವು. ಆ ವಾರದಲ್ಲೇ ಸಣ್ಣ ಗಿರಣಿಯೊಂದು ಹಿತ್ತಲ ಖೋಲಿಗೆ ಬಂತು. ಮನೆಯಲ್ಲಿದ್ದ ಗೋಧಿ, ರವೆ, ಶ್ಯಾವಿಗೆಯನ್ನೆಲ್ಲ ಕೊಟ್ಟುಬಿಟ್ಟೆ. ಲಟ್ಟಣಿಗೆಯ ಸಂದಿನಲ್ಲೂ ಹಿಟ್ಟು ಕೂತಿರುತ್ತದೆಂದು ಅದನ್ನೂ ಕೊಟ್ಟೆ. ನೀವು ಯಾಕೆ ಬಿಡುತ್ತೀರಿ, ನನ್ನೊಬ್ಬಳ ಸಲುವಾಗಿ ಎಂದು ವೈಶಾಲಿ ಜಗಳವನ್ನೇ ಮಾಡಿದಳು. ಈ ವಯಸ್ಸಿನಲ್ಲಿ ಯಾವ ಹಂಚು ಯಾರದೆಂದು ನೆನಪಿಡಲು ನನ್ನಿಂದ ಆಗುವುದಿಲ್ಲ ಎಂದು ಸುಳ್ಳು ಹೇಳಿದೆ. ಮಹಾಂತೇಶನಿಗೆ ಚಪಾತಿಯ ಆಸೆಯಾದರೆ ಕ್ಯಾಂಟೀನಿನಲ್ಲಿ ತಿಂದು, ಕೈ ಬಾಯಿ ತೊಳೆದುಕೊಂಡು ಬರುತ್ತಾನೆ. ದೀಪಾವಳಿಗೆ ಅಕ್ಕಿ ಹಿಟ್ಟಿನ ಚಕ್ಕಲಿ, ಬೇಸನ್ ಉಂಡೆ, ಶೇಂಗಾ ಉಂಡೆ ಮಾಡಿದೆವು. ಹಬ್ಬದ ನಂತರ ಪರೀಕ್ಷೆಗೆ ಹೋದಾಗ ಡಾಕ್ಟರಮ್ಮ ರಕ್ತದ ಕಾಗದ ನೋಡಿ, ಇದೇ ದಾರಿಯಲ್ಲಿ ನಡೆಯಿರಿ ಎಂದರು. ಒಳಹೊಲಿಗೆ ಹಾಕಿಸಿದ್ದ ಕುಪ್ಪಸಗಳನ್ನು ವೈಶಾಲಿ ಬಿಚ್ಚಿಸಿಕೊಂಡು ಬಂದಳು.

ತುಳಸಿ ಲಗ್ನವಾದ ಮೇಲೆ ನಂದಗಡದಲ್ಲಿ ನನ್ನ ತಮ್ಮನ ಮಗಳ ಮದುವೆ. ಕಾಯಿಲೆ ಗೊತ್ತಾದ ಮೇಲೆ ವೈಶಾಲಿ ಬಳಗದ ಪಂಕ್ತಿಯಲ್ಲಿ ಕೂಡ್ರುತ್ತಿದ್ದುದು ಅದೇ ಮೊದಲು. ತಾನು ಡಬ್ಬಿ ತಂದು ಖೋಲಿಯಲ್ಲಿ ಕುಳಿತು ಉಣ್ಣುತ್ತೇನೆ ಎಂದಿದ್ದಳು, ನಾನು ಒಪ್ಪಿರಲಿಲ್ಲ. ಹಿಂದಿನ ದಿನವೇ ಹೋಗಿ ಅಡುಗೆಯವರನ್ನು ಹಿಡಿದು, ಇಂಗು ಹಾಕದ ಬೇಳೆ, ಒಂದು ಬದನೆಕಾಯಿ ಪಲ್ಯ, ಅನ್ನ, ಇಷ್ಟನ್ನು ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ ಇಡಿಸಿದ್ದೆ. ಅವರು ಮಾಡುವಾಗ ಪಕ್ಕದಲ್ಲೇ ನಿಂತಿದ್ದೆ. ನನ್ನ ಕಾಟಕ್ಕೆ ಅವರು ಬೇಸತ್ತಿದ್ದರು.

ಊಟಕ್ಕೆ ನಾನು ಅವಳ ಬದಿಗೇ ಕುಳಿತೆ. ಗೋಧಿ ಹುಗ್ಗಿಯ ಬಕೇಟು ಬಂತು. ಬಡಿಸುತ್ತಿದ್ದವರು ಮದುಮಗಳ ಸೋದರಮಾವ, ಸಂಭ್ರಮದ ಮನುಷ್ಯ. ಬೇಡವೆಂದು ವೈಶಾಲಿ ಮೆಲ್ಲಗೆ ಹೇಳಿದಳು. ಅವರು ಕೇಳಲಿಲ್ಲ, ಸೌಟು ತುಂಬಿಕೊಂಡು ಬಗ್ಗಿದರು. ನಾನು ನನ್ನ ಎರಡೂ ಕೈಗಳನ್ನು ಅವಳ ಎಲೆಯ ಮೇಲೆ ಅಗಲಿಸಿ ಮುಚ್ಚಿದೆ. ಮದುವೆಯ ಹುಗ್ಗಿ, ಒಂದು ಸೌಟಿಗೆ ಏನೂ ಆಗುವುದಿಲ್ಲ, ಕೈ ತೆಗೆಯಿರಿ ಎಂದು ಅವರು ದೊಡ್ಡ ದನಿಯಲ್ಲಿ ಹೇಳಿದರು. ಪಂಕ್ತಿಯಲ್ಲಿದ್ದವರೆಲ್ಲ ನಮ್ಮ ಕಡೆ ನೋಡಿದರು.

"ಆಗತೈತ್ರಿ," ಎಂದೆ. "ನಾ ಹಾಕಿ ನೋಡೀನಿ."

ಸೋದರಮಾವನ ಸೌಟು ಗಾಳಿಯಲ್ಲೇ ನಿಂತಿತು.  ಅವರು ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿ ಮುಂದಿನ ಎಲೆಗೆ ಹೋದರು. ನನ್ನ ಕಿವಿ ಬಿಸಿಯಾಗಿದ್ದವು. ತಲೆ ಎತ್ತದೆ ಎಲೆಯನ್ನು ಕಾಯುತ್ತ ಕುಳಿತೆ. ಹೋಳಿಗೆ ಬಂದು ಹೋಯಿತು, ಪೂರಿ ಬಂದು ಹೋಯಿತು. ಎಷ್ಟು ಹೊತ್ತಾಯಿತೋ ತಿಳಿಯದು. ವೈಶಾಲಿ ನನ್ನ ಮುಂಗೈ ಮೇಲೆ ತನ್ನ ಕೈಯಿಟ್ಟು, ನನಗಷ್ಟೇ ಕೇಳುವಂತೆ ಹೇಳಿದಳು:

"ಅತ್ತಿ, ಈಗ ಕೈ ತಗೀರಿ. ಅನ್ನ ಬಂದೈತಿ."